ಉಪ್ಪುಗಲ್ಲಿನ ದಾರಿ

ಬೇಸಿಗೆಯ ತಿರ್ ತಿಂಗಳ ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ದಮಾವಂದ್ ಬೆಟ್ಟದ ಬುಡದ ನವಾಸರ್ ಠಾಣೆಗೆ ಕಾವೂಸ್ ಸುತೂದೆ ಎಂಬಾತ ದೂರು ತಂದ. ಟೆಹರಾನಿನಿಂದ ಕಾರು ಓಡಿಸಿಕೊಂಡು ಬಂದಿದ್ದವನು ಕೂರು ಅಂದರೂ ಕೂರಲಿಲ್ಲ.

"ನಮ್ಮಣ್ಣನ್ನ ಆ ಹೆಂಗಸು ಕೊಂದ್ಲು. ಬರ್ಕೊಳ್ಳಿ."

"ಯಾವ ಹೆಂಗಸು?"

"ತೂರಾನ್. ಬೆಟ್ಟ ಹತ್ತೋ ತಂಡದ ನಾಯಕಿ. ಎಲ್ರೂ ಹೋಗೋ ದಾರಿ ಬಿಟ್ಟು ಯಾವ್ದೋ ತಗ್ಗಿಗೆ ಕರ್ಕೊಂಡು ಹೋಗಿದಾಳೆ. ಗುಂಡುಕಲ್ಲಿನ ಹಾಗಿದ್ದ ಮನುಷ್ಯ ಟೀ ಕಾಯಿಸ್ತಾ ಸತ್ತ ಅಂದ್ರೆ ಯಾರು ನಂಬ್ತಾರೆ?"

ಇನ್ಸ್‌ಪೆಕ್ಟರ್ ಬೆಹ್ಝಾದ್ ಕಿಯಾನ್‌ಪುರ್ ಎಫ್ಐಆರ್ ದಾಖಲಿಸಿದ. ಮೃತ: ನಾದೆರ್ ಸುತೂದೆ, 58 ವರ್ಷ, ಔಷಧಿ ಅಂಗಡಿಯವ. ಸ್ಥಳ: ಬೆಟ್ಟದ ದಕ್ಷಿಣ ಇಳಿಜಾರಿನ ಒಂದು ತಗ್ಗು. ಸಮಯ: ಅದೇ ದಿನ ಬೆಳಗಿನ ಎಂಟೂವರೆ ಸುಮಾರು. ಶವದ ಜೊತೆ ಬೆಟ್ಟ ಇಳಿದು ಬಂದಿದ್ದ ತೂರಾನಳನ್ನು ಠಾಣೆಯಲ್ಲೇ ಇರಿಸಿಕೊಂಡು ಭಾನುವಾರ ಹನ್ನೆರಡು ಗಂಟೆಗೆ ಹಾಜರುಪಡಿಸಬೇಕೆಂದು ನ್ಯಾಯಾಧಿಕಾರಿಯ ಆದೇಶ ಬಂತು. ದಾರಿ ತಪ್ಪಿಸಿದ್ದು ಅವಳೇ ಎಂದಾದರೆ ಜೈಲು ಖಂಡಿತ. ಬೆಹ್ಝಾದ್‌ಗೆ ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ರಜೆ ಸಿಕ್ಕ ಶುಕ್ರವಾರಗಳಲ್ಲಿ ಅವನೂ ಅದೇ ಇಳಿಜಾರಿನಲ್ಲಿ ನಡೆಯುತ್ತಿದ್ದವನು.

ತೂರಾನಳಿಗೆ ಐವತ್ತರ ಆಸುಪಾಸು. ಬೂಟಿನ ಮಣ್ಣು ಕೂಡ ಕೊಡವಿರಲಿಲ್ಲ.

"ತಗ್ಗಿಗೆ ಯಾಕೆ ಹೋದ್ರಿ, ಖಾನುಮ್?"

"ಬೆಳಿಗ್ಗೆ ಮಂಜು ಕವಿದಿತ್ತು. ದಾರಿ ತೋರ್ಸೋ ಕಲ್ಲುಗುಪ್ಪೆ ನೋಡ್ಕೊಂಡು ನಡೆದೆ. ಐದು ಗುಪ್ಪೆ ಇದ್ವು, ಎದೆಮಟ್ಟ. ಹತ್ತಾರು ಜನ ಕಲ್ಲು ಇಟ್ಟಿರೋ ಗುಪ್ಪೆ ಸುಳ್ಳು ಹೇಳುತ್ತಾ, ಜನಾಬ್?"

"ನಾದೆರ್?"

"ಮಂಜು ಸರಿಯಿತು. ಗಾಳಿಗೆ ಮರೆ ಇದೆ, ತಿಂಡಿ ತಿನ್ನೋಣ ಅಂದ. ನಾವು ಮೇಲೆ ಕೂತ್ವಿ, ಅವ್ನು ತಳದಲ್ಲಿ ಒಲೆ ಹಚ್ತಿದ್ದ. ಮಂಡಿಯೂರಿದವ್ನು ಹಾಗೇ ಮಲಗಿದ. ತಮಾಷೆ ಮಾಡ್ತಿದಾನೆ ಅಂತ ನಕ್ಕೆ." ಅವಳು ಮುಖ ಮುಚ್ಚಿಕೊಂಡಳು. "ನಕ್ಕೆ, ಜನಾಬ್!"

ಶನಿವಾರ ಬೆಳಿಗ್ಗೆ 6.10ಕ್ಕೆ ಬೆಹ್ಝಾದ್, ಹವಾಲ್ದಾರ್ ಯದುಲ್ಲಾ ಮತ್ತು ಇಬ್ಬರು ಪಂಚರು ಬೆಟ್ಟ ಹತ್ತಿದರು. ಯದುಲ್ಲಾ ಸಮುದ್ರ ತೀರದ ಸಾರಿ ಊರಿನವನು, ಅಕ್ಕಿ ತಿಂದು ಬೆಳೆದ ದೇಹ. ಏರು ಸಿಕ್ಕಲ್ಲೆಲ್ಲ ತನ್ನನ್ನು ಇಲ್ಲಿಗೆ ವರ್ಗ ಮಾಡಿದವರ ವಂಶಕ್ಕೆ ಮಂಗಳಾರತಿ ಎತ್ತುತ್ತಿದ್ದ.

ತಗ್ಗು ಬಾಣಲೆಯ ಹಾಗಿತ್ತು. ಎಲೆ ಅಲುಗದಷ್ಟು ನಿಶ್ಚಲ. ಯದುಲ್ಲಾ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಸಿಗರೇಟು ಬಾಯಿಗಿಟ್ಟ. ಕಡ್ಡಿ ಗೀರಿದ, ಆರಿತು. ಇನ್ನೊಂದು, ಅದೂ ಆರಿತು.

"ಹೆಂಡ್ತಿ ಕೊಟ್ಟ ಬೆಂಕಿಪೊಟ್ಣ ಜನಾಬ್, ಅವ್ಳ ಹಾಗೇ, ಹತ್ತಲ್ಲ."

ಬೆಹ್ಝಾದ್ ಗುಪ್ಪೆಯ ಕಡೆ ನೋಡುತ್ತಿದ್ದವನು ತಟ್ಟನೆ ತಿರುಗಿದ. ಗಾಳಿಯೇ ಇಲ್ಲದ ಕಡೆ ಕಡ್ಡಿ ಆರುವುದೆಂದರೇನು? ಯದುಲ್ಲಾನ ಪಕ್ಕದಲ್ಲೇ ಎರಡು ಗುಬ್ಬಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು.

"ಏಳೋ! ಏಳು ಮೇಲೆ!" ರಟ್ಟೆ ಹಿಡಿದು ದರದರ ಎಳೆದು ತಂದ. ಯದುಲ್ಲಾನ ತುಟಿ ಆಗಲೇ ನೀಲಿಗಟ್ಟಿತ್ತು. ದಿಬ್ಬದ ಮೇಲೆ ಅದೇ ಕಡ್ಡಿ ಒಂದೇ ಏಟಿಗೆ ಹತ್ತಿತು.

ಜಿಲ್ಲಾ ವೈದ್ಯರು ಫೋನಿನಲ್ಲಿ ಹೇಳಿದ್ದೂ ಅದಕ್ಕೆ ಸರಿಹೊಂದಿತು: ಗಾಯವಿಲ್ಲ, ವಿಷವಿಲ್ಲ, ಉಸಿರು ಕಟ್ಟಿ ಸಾವು. ಬೆಟ್ಟ ಜ್ವಾಲಾಮುಖಿ, ಒಳಗೆ ಇನ್ನೂ ಕುದಿಯುತ್ತಿದೆ, ಗಾಳಿಯಾಡದ ಕಡೆ ಅದು ಬಿಡುವ ಭಾರದ ಅನಿಲ ಬಣ್ಣವಿಲ್ಲದೆ ವಾಸನೆಯಿಲ್ಲದೆ ತಗ್ಗಿನಲ್ಲಿ ನಿಲ್ಲುತ್ತದೆ.

ಹಾಗಾದರೆ ದಾರಿಯನ್ನು ಇಲ್ಲಿಗೆ ತಿರುಗಿಸಿದ್ದು ಯಾರು? ಹಳೆಯ ದಾರಿ ಇನ್ನೂರು ಗಜ ಮೇಲೆ, ನೀರು ಜಿನುಗುವ ಊಟೆಯ ಪಕ್ಕದಲ್ಲಿತ್ತು. ಅಲ್ಲಿನ ಗುಪ್ಪೆಗಳನ್ನು ಯಾರೋ ಕೆಡವಿದ್ದರು. ಈ ಹೊಸ ಐದು ಗುಪ್ಪೆ ಮೂರು ವಾರದ ಹಿಂದೆ ಇರಲಿಲ್ಲ. ಆದರೆ ಬೆಟ್ಟ ಹತ್ತುವವರ ರೂಢಿ ಗೊತ್ತಲ್ಲ: ಗುಪ್ಪೆ ಕಂಡರೆ ಹಿಂದೆ ಬರುವವರಿಗಾಗಿ ಒಂದು ಕಲ್ಲು ಇಟ್ಟೇ ಮುಂದೆ ಹೋಗುವುದು. ಯಾರೋ ಮೂರು ಕಲ್ಲು ಜೋಡಿಸಿಟ್ಟರೆ ಸಾಕು, ಉಳಿದದ್ದನ್ನು ಪುಣ್ಯದ ಕೆಲಸವೆಂದು ಜನರೇ ಕಟ್ಟಿ ಎದೆಮಟ್ಟಕ್ಕೆ ಏರಿಸುತ್ತಾರೆ.

"ಪಂಚನಾಮೆ ಬರಿ," ಅಂದ ಬೆಹ್ಝಾದ್. "ಗುಪ್ಪೆ ಬಿಚ್ತಿದೀವಿ. ಮೇಲಿಂದ ಒಂದೊಂದೇ ಕಲ್ಲು."

ಎರಡನೇ ಗುಪ್ಪೆಯ ನಡುವಿನ ಒಂದು ಕೆಂಪು ಕಲ್ಲು ಕೈಗೆ ಬಂದಾಗ ಅವನು ನಿಂತುಬಿಟ್ಟ.

"ಏನಾಯ್ತು ಜನಾಬ್?"

"ಇದನ್ನೂ ಬರಿ. ಎರಡು ವಾರದ ಹಿಂದೆ ತನಿಖಾಧಿಕಾರಿಯೂ ಇಲ್ಲಿ ಒಂದು ಕಲ್ಲಿಟ್ಟು, ತಗ್ಗು ದಾಟಿ ಹೋಗಿದಾನೆ."

"ಬೇಡ ಬಿಡಿ, ಯಾರು ಕೇಳ್ತಾರೆ?"

"ಬರಿ ಅಂದೆನಲ್ಲ!" ಅವನು ಆ ಕಲ್ಲನ್ನು ಪಂಚರ ಮುಂದಿಟ್ಟ. ಅಂದು ತಾನೂ ಸುಸ್ತಾಗಿ ಇಲ್ಲೇ ಕೂತಿದ್ದರೆ?

ಮೇಲಿನ ಕಲ್ಲುಗಳೆಲ್ಲ ಆ ನೆಲದವೇ, ತೂತುತೂತಾದ ಹಗುರ ಕಲ್ಲು. ತಳದ ಮೂರು ಮಾತ್ರ ಬೇರೆ: ಚಪ್ಪಟೆ, ಭಾರ, ನಡುವೆ ಬಟ್ಟಲಿನಂತೆ ನುಣ್ಣಗೆ ಸವೆದಿದ್ದವು. ಐದೂ ಗುಪ್ಪೆಗಳ ತಳದಲ್ಲಿ ಅಂಥವೇ. ಯದುಲ್ಲಾ ಮೂಸಿದ, ಆಮೇಲೆ ಪಂಚರ ಎದುರೇ ನಾಲಿಗೆ ಚಾಚಿ ನೆಕ್ಕಿದ.

"ಥೂ, ನಿನ್ನ!" ಅಂದ ಬೆಹ್ಝಾದ್.

"ಉಪ್ಪು, ಜನಾಬ್! ಆಡುಗಳಿಗೆ ಉಪ್ಪು ಇಡೋ ಕಲ್ಲು. ನೆಕ್ಕಿ ನೆಕ್ಕಿ ಸವೆಸಿವೆ. ನಮ್ಮಜ್ಜನ ಹಟ್ಟೀಲೂ ಇತ್ತು."

ಆ ಇಳಿಜಾರಿನಲ್ಲಿ ಆಡು ಸಾಕುವವಳು ಒಬ್ಬಳೇ, ಊಟೆಯ ಮೇಲಿನ ಹಟ್ಟಿಯ ಗೊಲ್‌ನೆಸಾ. ಸಂಜೆ 5.05ಕ್ಕೆ ಅಲ್ಲಿ ತಲುಪಿದಾಗ ಮುದುಕಿ ಹಾಲು ಕರೆಯುತ್ತಿದ್ದಳು. ಹಟ್ಟಿಯ ಮುಂದೆ ಹದಿನೈದು ಕಡೆ ಹುಲ್ಲಿಲ್ಲದ ಬೋಳು ಗುರುತು, ಕಲ್ಲು ಕಿತ್ತ ಜಾಗ.

"ಅಜ್ಜಿ, ಉಪ್ಪುಗಲ್ಲು ಎಲ್ಲಿ?"

"ಯಾರಿಗೆ ಬೇಕಪ್ಪ ಇನ್ನು? ನೆಕ್ಕೋವೇ ಸತ್ಮೇಲೆ."

"ಎಷ್ಟು ಸತ್ವು?"

"ಹನ್ನೊಂದು. ಹೊಟ್ಟೆ ಕೊಯ್ದು ನೋಡ್ದೆ. ಎಲ್ಲಾದ್ರ ಒಳಗೂ ಪ್ಲಾಸ್ಟಿಕ್ ಚೀಲ, ಉಂಡೆ ಉಂಡೆ. ಶುಕ್ರವಾರ ಬರೋರು ಊಟೆ ಹತ್ರ ತಿಂದು ಎಸೆದದ್ದು. ಎಸೀಬೇಡ್ರಪ್ಪ ಅಂತ ಒಬ್ಬೊಬ್ಬರನ್ನೂ ಬೇಡ್ಕೊಂಡೆ. 'ನಿಮ್ಮ ಮಾತು ನಮ್ಮ ಕಣ್ಮೇಲೆ ತಾಯಿ' ಅಂತಾರೆ. ಎಷ್ಟು ಮರ್ಯಾದೆ! ಬೆನ್ನು ತಿರುಗಿಸಿದ್ರೆ ಅಲ್ಲೇ ಎಸೀತಾರೆ."

"ಅದಕ್ಕೆ ದಾರಿ ತಗ್ಗಿಗೆ ತಿರುಗಿಸಿದ್ಯಾ?"

"ನನ್ನ ಊಟೆ ಬಿಟ್ಟು ತೊಲಗ್ಲಿ ಅಂತ. ನಡ್ಕೊಂಡು ಹೋಗೋರಿಗೆ ಆ ಕೆಟ್ಟ ಗಾಳಿ ಏನೂ ಮಾಡಲ್ಲ, ಮಂಡಿಗಿಂತ ಮೇಲೆ ಬರಲ್ಲ. ನಮ್ಮಲ್ಲಿ ಕೂಸಿಗೂ ಗೊತ್ತು, ಅಲ್ಲಿ ಕೂರಬಾರದು ಅಂತ."

"ಪಟ್ಟಣದೋರಿಗೆ ಗೊತ್ತಾ?"

ಮುದುಕಿ ಹಾಲಿನ ಪಾತ್ರೆ ಕೆಳಗಿಟ್ಟಳು. ತಗ್ಗಿನ ಕಡೆ ಕೈ ತೋರಿಸಿದಳು.

"ಕಂಡೆ ಕಣಪ್ಪ. ಇಲ್ಲಿಂದಾನೇ ಕಂಡೆ. ತಿನ್ನಕ್ಕೆ ದಸ್ತರ್‌ಖಾನ್ ಬಟ್ಟೆ ಹಾಸ್ತಿದ್ರು. ಎದೆ ಒಡೆದ್ಹೋಯ್ತು. ಏಳ್ರೋ ಏಳ್ರೋ ಅಂತ ಎರಡೂ ಕೈ ಬೀಸಿ ಕಿರುಚಿದೆ. ಈ ಕಾಲಿಗೆ ಓಡಕ್ಕಾಗುತ್ತಾ? ಅವ್ರೂ ಕೈ ಬೀಸಿದ್ರು."

ಅವಳ ಹೇಳಿಕೆ ದಾಖಲಾಯಿತು, ಹೆಬ್ಬೆಟ್ಟು ಒತ್ತಿದಳು. 6.40ಕ್ಕೆ ಬಂಧನ. ಉಳಿದ ಆಡುಗಳನ್ನು ಹಳ್ಳಿಯ ಹಿರಿಯನ ವಶಕ್ಕೆ ಕೊಡಲಾಯಿತು. ಕೊಲ್ಲುವ ಉದ್ದೇಶ ಕಂಡುಬಂದಿಲ್ಲ, ನೀರು ಮತ್ತು ಆಡುಗಳನ್ನು ಉಳಿಸಿಕೊಳ್ಳಲು ಮಾಡಿದ ಕೃತ್ಯ ಎಂದು ಬೆಹ್ಝಾದ್ ವರದಿಯ ಕೊನೆಗೆ ಬರೆದ.

ಭಾನುವಾರ 11.40ಕ್ಕೆ ತೂರಾನಳ ಬಿಡುಗಡೆಯ ಆದೇಶ ಬಂತು. ಕಾವೂಸ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ನಿಮ್ಮದೇನೂ ತಪ್ಪಿಲ್ಲ ಖಾನುಮ್, ಎಂದು ಬೆಹ್ಝಾದ್ ಮುದುಕಿಯ ಹೇಳಿಕೆಯನ್ನು ಅವಳಿಗೆ ಓದಿ ಹೇಳಿದ. ಕೈ ಬೀಸಿದ ಮಾತು ಬಂದಾಗ ತೂರಾನ್ ಬೆಂಚಿನ ಅಂಚು ಹಿಡಿದುಕೊಂಡಳು.

"ಮೊದಲು ನೋಡಿದ್ದು ನಾನೇ," ಅಂದಳು. "ಹಟ್ಟಿ ಅಮ್ಮ ಮಾತಾಡಿಸ್ತಿದಾರೆ, ಎಲ್ರೂ ಕೈ ಬೀಸಿ 'ದಣಿವಾಗದಿರಲಿ' ಅನ್ನಿ ಅಂತ ನಾನೇ ಹೇಳ್ದೆ. ಹಿರಿಯರಿಗೆ ಕೂತು ಉತ್ತರ ಕೊಡಬಾರದು ಅಂತ ನಾದೆರ್ ಎದ್ದು ನಿಂತು ಕೂಗಿ ಹೇಳಿದ. ಚೆನ್ನಾಗೇ ಇದ್ದ."

ಬೆಹ್ಝಾದ್ ಹೇಳಿಕೆಯ ಹಾಳೆ ಮಡಚಿ ಮೇಜಿನ ಮೇಲಿಟ್ಟ.

"ಟೀ ಮಾಡು, ತಡವಾಯ್ತು ಅಂತ ನಾನೇ ಅಂದೆ. ಮತ್ತೆ ಒಲೆ ಕಡೆ ಬಗ್ಗಿದ."