ಗೂಡಿನ ಮೇಲೆ ಕೂತ ಬಿಸ್ಕಿಟ್

“ಅಜ್ಜಾ, ಅಲ್ನೋಡು! ಕಪ್ಪು ಚುಕ್ಕೆ!”

“ಅದು ಕಾಗೆ ಕಣೇ ಪುಟ್ಟಿ.”

“ಅದಲ್ಲ, ಅದರ ಪಕ್ಕದ್ದು!”

“ಅದು ಕಾಗೆ ಹೆಂಡ್ತಿ.”

ಬೇಲಿಯಾಚೆಯ ತೋಟದಲ್ಲಿ ತನ್ನ ದಪ್ಪ ದಂಟಿನ ಲೀಕ್ ಈರುಳ್ಳಿಯ ಮಡಿಗೆ ನೀರು ಹಾಕುತ್ತಿದ್ದ ವಿಲ್ಫ್ ಮಾಮ ಹೋ ಎಂದು ನಕ್ಕ. ಟಿಲ್ಡಾ ನಗಲಿಲ್ಲ. ಬೆಳಗಿನಿಂದ ಆಕಾಶವನ್ನೇ ನೋಡಿ ನೋಡಿ ಅವಳ ಕತ್ತು ನೋಯುತ್ತಿತ್ತು.

ಇವತ್ತು ಅವಳ ಬಿಸ್ಕಿಟ್‌ನ ಮೊದಲ ರೇಸ್. ತಿನ್ನುವ ಬಿಸ್ಕಿಟ್ ಅಲ್ಲ, ಟೀಯಲ್ಲಿ ಅದ್ದಿ ತೆಗೆದ ಬಿಸ್ಕಿಟ್ಟಿನ ಬಣ್ಣದ ಪಾರಿವಾಳ. ಮೊಟ್ಟೆಯೊಡೆದು ಬಂದ ದಿನದಿಂದ ಅದು ಟಿಲ್ಡಾಳದೇ. ಬೆಳಿಗ್ಗೆ ಇಂಗ್ಲೆಂಡಿನ ದಕ್ಷಿಣದ ತುದಿಯಲ್ಲಿ, ಕಡಲ ದಂಡೆಯ ಮೇಲೆ, ದೊಡ್ಡ ಲಾರಿಯ ಬುಟ್ಟಿಗಳನ್ನು ತೆರೆದು ನೂರಾರು ಪಾರಿವಾಳಗಳನ್ನು ಒಟ್ಟಿಗೇ ಹಾರಿಬಿಟ್ಟಿದ್ದರು. ಹೊಳೆ, ಗುಡ್ಡ, ಊರು, ರೈಲುಹಳಿ ಎಲ್ಲ ದಾಟಿ ಅವು ಉತ್ತರಕ್ಕೆ, ಡರ್ಹಮ್ ಸೀಮೆಯ ತಮ್ಮ ತಮ್ಮ ಗೂಡಿಗೆ ಬರಬೇಕು.

ಬಂದರಷ್ಟೇ ಸಾಲದು. ಗೂಡಿನ ಒಳಗೆ ಹೋಗಬೇಕು. ಆಮೇಲೆ ಅದರ ಕಾಲಿನ ರಬ್ಬರ್ ಉಂಗುರ ತೆಗೆದು, ಅಜ್ಜನ ಹಳೇ ರೇಸ್ ಗಡಿಯಾರದ ಹೊಟ್ಟೆಗೆ ಹಾಕಿ, ಹಿಡಿ ತಿರುಗಿಸಿ ಬಂದ ಹೊತ್ತನ್ನು ದಾಖಲಿಸಬೇಕು. ಅಲ್ಲಿಯವರೆಗೆ ಹಕ್ಕಿ ನಿಮ್ಮ ನೆತ್ತಿಯ ಮೇಲೇ ಕೂತಿದ್ದರೂ ಬಂದಿಲ್ಲವೆಂದೇ ಲೆಕ್ಕ.

ಬಿಸ್ಕಿಟ್‌ನ ತೊಂದರೆಯೇ ಅದು. ಅಭ್ಯಾಸಕ್ಕೆ ಬಿಟ್ಟಾಗಲೆಲ್ಲ ಎಲ್ಲರಿಗಿಂತ ಮೊದಲು ಬರುತ್ತಿತ್ತು. ಬಂದು ಗೂಡಿನ ಛಾವಣಿಯ ಮೇಲೆ ಕೂತುಬಿಡುತ್ತಿತ್ತು. ಏನು ಮಾಡಿದರೂ ಇಳಿಯುತ್ತಿರಲಿಲ್ಲ. ಅದನ್ನು ನೋಡಿ ಬೇರೆ ಮರಿಗಳೂ ಅಲ್ಲೇ ಸಾಲಾಗಿ ಕೂರುವುದನ್ನು ಕಲಿಯತೊಡಗಿದ್ದವು.

“ಇವತ್ತೂ ಹಂಗೇ ಮಾಡಿದ್ರೆ ಯಾರಿಗಾದ್ರೂ ಕೊಟ್ಟುಬಿಡ್ಬೇಕಾಗುತ್ತೆ ಪುಟ್ಟಿ,” ಎಂದು ಅಜ್ಜ ತಿಂಡಿ ತಿನ್ನುವಾಗ ಮೆಲ್ಲಗೆ ಹೇಳಿದ್ದ. “ಒಳ್ಳೇ ಹಕ್ಕೀನೇ. ಆದ್ರೆ ನಮ್ಮಲ್ಲಿ ಆಗಲ್ಲ.”

ಟಿಲ್ಡಾಳ ಬಾಯಿಯ ಟೋಸ್ಟ್ ಅಲ್ಲೇ ನಿಂತಿತ್ತು. ಈ ಮಾತನ್ನು ಅವಳು ಮೊದಲೂ ಕೇಳಿದ್ದಳು. ‘ಒಳ್ಳೇ ಹುಡುಗೀನೇ, ಆದ್ರೆ ನಮ್ಮಲ್ಲಿ ಆಗಲ್ಲ’ ಎಂದು ಶಾಲೆಯವರು ಅಮ್ಮನಿಗೆ ಹೇಳಿದ್ದರು.

ಶಾಲೆಯ ಗಂಟೆ ಅವಳ ತಲೆಯೊಳಗೇ ಬಡಿಯುತ್ತಿತ್ತು. ಊಟದ ಕೋಣೆಯಲ್ಲಿ ತಟ್ಟೆ ಚಮಚಗಳೆಲ್ಲ ಅವಳ ಮೇಲೇ ಬೀಳುತ್ತಿದ್ದ ಹಾಗೆ ಕೇಳುತ್ತಿತ್ತು. ಒಂದು ದಿನ ಶಾಲೆಯ ಗೇಟಿನ ಹತ್ತಿರ ಅವಳ ಕಾಲು ನಿಂತುಬಿಟ್ಟಿತು. ಮಾರನೇ ದಿನವೂ ಅಷ್ಟೇ. ಆಮೇಲೆ ಗೇಟಿನ ತನಕವೂ ಹೋಗಲಿಲ್ಲ.

ಈಗ ಬ್ರಯೊನಿ ಮಿಸ್ ಮನೆಗೇ ಬಂದು ಅವಳೊಬ್ಬಳಿಗೇ ಪಾಠ ಹೇಳಿಕೊಡುತ್ತಿದ್ದರು. ಮನೆ ಬೇಜಾರಾದರೆ ಅಜ್ಜನ ಈ ತೋಟದಲ್ಲಿ, ಪಾರಿವಾಳದ ಗೂಡಿನ ಪಕ್ಕ. ಭೂಪಟ ಹಾಸಿ ಬಿಸ್ಕಿಟ್ ಬರುವ ದಾರಿಗೆ ಕೆಂಪು ದಾರ ಎಳೆದಿದ್ದರು. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ ಎಂಬುದು ಟಿಲ್ಡಾಳಿಗೆ ಹೊಳೆದದ್ದು ಹಾಗೆಯೇ. ಇವತ್ತು ರಜೆ. ಆದರೂ ಮಿಸ್ ಸೈಕಲ್ ಹತ್ತಿ ಬಂದು, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದರು.

“ಎದುರುಗಾಳಿ ಇದ್ಯಲ್ಲ ಟಿಲ್ಡಾ. ಲೇಟಾಗುತ್ತೆ ಅನ್ಸುತ್ತೆ.”

“ಬಿಸ್ಕಿಟ್ ಗಾಳಿಗೆಲ್ಲ ಹೆದರಲ್ಲ ಮಿಸ್.”

“ಹೌದೌದು, ಗೂಡಿಗೆ ಮಾತ್ರ ಹೆದರುತ್ತೆ!” ಎಂದ ವಿಲ್ಫ್ ಮಾಮ.

“ನಿಮ್ಮ ಈರುಳ್ಳಿಗೆ ಹುಳ ಬೀಳ್ಲಿ!” ಎಂದು ಟಿಲ್ಡಾ ತಿರುಗಿ ಹೇಳಿದಳು.

“ಅಯ್ಯೋ, ಶಾಪ ಹಾಕ್ಬೇಡ ತಾಯೀ! ತರಕಾರಿ ಪ್ರದರ್ಶನಕ್ಕೆ ಬೆಳೆಸಿದ್ದು!”

ಅಷ್ಟರಲ್ಲಿ ಅಜ್ಜ ಎದ್ದು ನಿಂತ. ಅವನ ಟೀ ಲೋಟ ಹುಲ್ಲಿನ ಮೇಲೆ ಉರುಳಿತು.

ದೂರದ ಚರ್ಚಿನ ಗೋಪುರದ ಮೇಲೆ ಒಂದು ಚುಕ್ಕೆ. ಕಾಗೆಯಲ್ಲ. ಕಾಗೆಯ ಹೆಂಡತಿಯೂ ಅಲ್ಲ. ಬಾಣದಂತೆ ನೇರವಾಗಿ ಬಂತು, ಹೆಂಚಿನ ಮನೆಗಳ ಸಾಲನ್ನು ದಾಟಿತು, ರೆಕ್ಕೆ ಮಡಚಿ ಕೆಳಗೆ ಜಾರಿತು. ಬಿಸಿಲಿನಲ್ಲಿ ಮೈ ಕಂದಾಗಿ ಹೊಳೆಯಿತು.

“ಬಿಸ್ಕಿಟ್!” ಟಿಲ್ಡಾ ಕುಣಿದಳು. “ನಮ್ಮ ಬಿಸ್ಕಿಟ್! ಬೇರೆ ಯಾರ ಹಕ್ಕೀನೂ ಕಾಣ್ತಿಲ್ಲ, ಅಜ್ಜಾ!”

ಬಿಸ್ಕಿಟ್ ತೋಟದ ಮೇಲೆ ಒಂದು ಸುತ್ತು ಹಾಕಿತು. ಗೂಡಿನ ಬಾಗಿಲ ಹಲಗೆಯತ್ತ ಇಳಿಯಿತು. ಇನ್ನೇನು ಕಾಲೂರಬೇಕು, ಅಷ್ಟರಲ್ಲಿ ವಿಲ್ಫ್ ಮಾಮ ನೀರಿನ ಕ್ಯಾನ್ ಎಸೆದು, ಎರಡೂ ಕೈ ಎತ್ತಿ, “ಬಂತೋ! ಬಂತೋ! ಹೋಗೊಳಗೆ, ಹೋಗೊಳಗೆ!” ಎಂದು ಕೂಗಿದ.

ಬಿಸ್ಕಿಟ್ ಬೆಚ್ಚಿ ಮೇಲಕ್ಕೆ ಚಿಮ್ಮಿತು. ಛಾವಣಿಯ ತುದಿಯಲ್ಲಿ ಕೂತುಬಿಟ್ಟಿತು.

“ಹಾಳಾಯ್ತು,” ಅಜ್ಜ ಪಿಸುಗುಟ್ಟಿದ. ಬಟಾಣಿ ಕಾಳಿನ ಡಬ್ಬಿ ಎತ್ತಿ ಗಲಗಲ ಅಲ್ಲಾಡಿಸಿದ. “ಬಾ ಬಾ ಬಾ ಬಾ!”

ಬಿಸ್ಕಿಟ್ ಒಂದು ಹೆಜ್ಜೆ ಹಿಂದೆ ಸರಿಯಿತು.

“ಕೋಲು ತರ್ಲಾ?” ಎಂದ ವಿಲ್ಫ್ ಮಾಮ.

“ಮೊದ್ಲು ನಿನ್ನ ಬಾಯಿ ಮುಚ್ಚೋ ಮಾರಾಯ! ಬಾ ಬಾ ಬಾ!”

ಡಬ್ಬಿ ಗಲಗಲ ಎನ್ನುತ್ತಿತ್ತು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅಷ್ಟು ದೂರ ಒಂದೇ ಉಸಿರಿಗೆ ಹಾರಿಬಂದ ಹಕ್ಕಿ, ಒಂದು ಮಾರು ದೂರದ ಬಾಗಿಲಿಗೆ ಇಳಿಯಲಾರದೆ ಕೂತಿತ್ತು. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ಕೆಳಗಿನಿಂದಲೇ ಕಾಣುತ್ತಿತ್ತು. ಅದು ಅಜ್ಜನನ್ನು ನೋಡಿತು. ವಿಲ್ಫ್ ಮಾಮನನ್ನು ನೋಡಿತು. ಎಲ್ಲರ ಕಣ್ಣೂ ಅದರ ಮೇಲೇ.

ಟಿಲ್ಡಾಳಿಗೆ ಶಾಲೆಯ ಗೇಟು ನೆನಪಾಯಿತು. ಬಾ ಚಿನ್ನಾ, ಬಾ ಎಂದು ಒಳಗಿನಿಂದ ಕರೆಯುತ್ತಿದ್ದ ಟೀಚರುಗಳು, ನಿಂತು ನೋಡುತ್ತಿದ್ದ ಮಕ್ಕಳು, ಕೈ ಹಿಡಿದೆಳೆಯುತ್ತಿದ್ದ ಅಮ್ಮ. ಕರೆದಷ್ಟೂ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

ಇನ್ನೊಂದೂ ನೆನಪಾಯಿತು. ಬ್ರಯೊನಿ ಮಿಸ್ ಮೊದಲು ಬಂದ ದಿನಗಳಲ್ಲಿ ಟಿಲ್ಡಾ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಮಿಸ್ ಬಾಗಿಲು ತಟ್ಟಲಿಲ್ಲ. ಕರೆಯಲೂ ಇಲ್ಲ. ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು, ಗುನುಗುತ್ತಾ ಏನೋ ಚಿತ್ರ ಬರೆಯುತ್ತಿದ್ದರು. ಮರುದಿನವೂ ಹಾಗೇ. ಈ ಹೆಂಗಸಿಗೆ ನಾನು ಬೇಕೇ ಇಲ್ಲ ಅನ್ನಿಸಿತ್ತು ಟಿಲ್ಡಾಳಿಗೆ. ಕೊನೆಗೆ ತಡೆಯಲಾರದೆ ಬಾಗಿಲ ಸಂದಿಯಿಂದ ಇಣುಕಿದಳು. ಅದು ಪಾರಿವಾಳದ ಚಿತ್ರ. ಆದರೆ ಬಾತುಕೋಳಿಯ ಕಾಲು! ಸಹಿಸಲಾಗಲಿಲ್ಲ. ಹೊರಗೆ ಬಂದು ಪೆನ್ಸಿಲ್ ಕಿತ್ತುಕೊಂಡು ತಿದ್ದಿದ್ದಳು.

“ಅಜ್ಜಾ, ಡಬ್ಬಿ ಕೆಳಗಿಡು,” ಎಂದಳು ಟಿಲ್ಡಾ.

“ಏನೇ?”

“ಡಬ್ಬಿ ಇಟ್ಟು ಆ ಕಡೆ ತಿರುಗಿ ಕೂತ್ಕೋ. ವಿಲ್ಫ್ ಮಾಮ, ನೀವೂನೂ. ನಿಮ್ಮ ಈರುಳ್ಳಿ ನೋಡಿ. ಯಾರೂ ಬಿಸ್ಕಿಟ್ ನೋಡ್ಬಾರ್ದು.”

“ನೋಡದೇ ಇದ್ರೆ ಬರುತ್ತಾ? ಅಲ್ಲಮ್ಮಾ, ರೇಸ್ ನಡೀತಿದೆ!”

“ಮಾಮಾ, ಪ್ಲೀಸ್!”

ಬ್ರಯೊನಿ ಮಿಸ್ ತಕ್ಷಣ ಬಕೆಟ್ ಸಮೇತ ತಿರುಗಿ ಕೂತರು. ಅಜ್ಜ ಮಿಸ್ ಅನ್ನು ನೋಡಿದ, ಟಿಲ್ಡಾಳನ್ನು ನೋಡಿದ. ಮಂಡಿ ಹಿಡಿದುಕೊಂಡು, ಉಸ್ಸಪ್ಪಾ ಎನ್ನುತ್ತಾ ಹುಲ್ಲಿನ ಮೇಲೆ ಕೂತು ಬೆನ್ನು ಹಾಕಿದ. ವಿಲ್ಫ್ ಮಾಮ ಗೊಣಗುತ್ತಾ ಈರುಳ್ಳಿಯ ಕಡೆ ಮುಖ ಮಾಡಿದ.

ಟಿಲ್ಡಾ ಒಂದು ಹಿಡಿ ಕಾಳನ್ನು ಸದ್ದಾಗದಂತೆ ಗೂಡಿನೊಳಗೆ ಚೆಲ್ಲಿದಳು. ಬಾಗಿಲ ಪಕ್ಕ ನೆಲದಲ್ಲಿ ಕೂತು ತನ್ನ ಶೂ ಲೇಸ್ ಬಿಚ್ಚಿ ಕಟ್ಟತೊಡಗಿದಳು.

ಗಾಳಿ ಬೀಸಿತು. ಎಲ್ಲೋ ಒಂದು ನಾಯಿ ಬೊಗಳಿತು.

“ಬಂ...” ಎಂದ ವಿಲ್ಫ್ ಮಾಮ.

“ಶ್!”

ಟಪ್. ಹಲಗೆಯ ಮೇಲೆ ಪುಟ್ಟ ಕಾಲುಗಳು. ಟಿಲ್ಡಾ ಉಸಿರು ಬಿಗಿಹಿಡಿದಳು. ತಲೆಯೆತ್ತಲಿಲ್ಲ. ಟಕ್ ಟಕ್ ಟಕ್. ತಂತಿಯ ಬಾಗಿಲು ತಳ್ಳಿದ ಸದ್ದು. ಒಳಗೆ ಕಾಳು ಹೆಕ್ಕುವ ಸದ್ದು.

“ಒಳಗೆ!” ಟಿಲ್ಡಾ ಚಂಗನೆ ಹಾರಿದಳು. “ಅಜ್ಜಾ, ಒಳಗೆ ಹೋಯ್ತು!”

ಮಂಡಿನೋವಿನ ಅಜ್ಜ ಎಲ್ಲಿ ಹೋದನೋ ಏನೋ! ಹದಿನೆಂಟರ ಹುಡುಗನಂತೆ ಗೂಡಿಗೆ ನುಗ್ಗಿ ಬಿಸ್ಕಿಟ್ ಅನ್ನು ಮೆಲ್ಲಗೆ ಹಿಡಿದ. ಉಂಗುರ ಕಳಚಿ ಮೊಮ್ಮಗಳ ಅಂಗೈಗೆ ಹಾಕಿದ. ಅವಳು ಅದನ್ನು ಗಡಿಯಾರಕ್ಕೆ ಹಾಕಿ ಹಿಡಿಯನ್ನು ಬಲವಾಗಿ ತಿರುಗಿಸಿದಳು. ಗಡಿಯಾರ ‘ಠಣ್’ ಎಂದಿತು.

“ಗೆದ್ವಾ?” ಬೇಲಿಗೆ ಬೆನ್ನು ಹಾಕಿಕೊಂಡೇ ಕೇಳಿದ ವಿಲ್ಫ್ ಮಾಮ. “ತಿರುಗ್ಬೋದಾ ಈಗ?”

“ಸಂಜೆ ಪಾರಿವಾಳದ ಕ್ಲಬ್ಬಲ್ಲಿ ಎಲ್ಲರ ಗಡಿಯಾರ ತೆಗೆದು ನೋಡಿದಾಗ್ಲೇ ಗೊತ್ತಾಗೋದು,” ಎಂದ ಅಜ್ಜ. ಬಿಸ್ಕಿಟ್‌ನ ರೆಕ್ಕೆ ನೇವರಿಸುತ್ತಿದ್ದ. “ಏನೇ ಆಗ್ಲಿ, ಈ ಹಕ್ಕಿ ಎಲ್ಲಿಗೂ ಹೋಗಲ್ಲ. ಕೂಗಾಡೋರ್ನ ಬೇಕಾದ್ರೆ ಯಾರಿಗಾದ್ರೂ ಕೊಡೋಣ.”

“ನನ್ನ ಯಾರಯ್ಯಾ ತಗೋತಾರೆ?” ಎಂದ ವಿಲ್ಫ್ ಮಾಮ.

ಟಿಲ್ಡಾ ಬ್ರಯೊನಿ ಮಿಸ್ ಹತ್ತಿರ ಹೋದಳು. ಅವರು ಇನ್ನೂ ಆ ಕಡೆಗೇ ತಿರುಗಿ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.

“ಮಿಸ್, ಮೆಟ್ಟಿಲ ಮೇಲೆ ಕೂತಿದ್ರಲ್ಲ, ಆವಾಗ ನಿಮಗೆ ಪಾರಿವಾಳದ ಕಾಲು ಬರೆಯೋಕೆ ನಿಜವಾಗ್ಲೂ ಬರ್ತಿರ್ಲಿಲ್ವಾ?”

“ಈಗ್ಲೂ ಬರಲ್ಲ ಕಣೇ,” ಮಿಸ್ ನಕ್ಕರು. “ಆದ್ರೆ ತಿರುಗಿ ನೋಡದೇ ಇರೋದಿತ್ತಲ್ಲ, ಅದಿನ್ನೂ ಕಷ್ಟ.”

“ನಮ್ದೇ ಇನ್ನೊಂದು ಬರ್ತಿದೆ!” ಅಜ್ಜ ಪಿಸುದನಿಯಲ್ಲಿ ಕೂಗಿದ. ಚರ್ಚಿನ ಗೋಪುರದ ಮೇಲೆ ಮತ್ತೊಂದು ಚುಕ್ಕೆ.

ವಿಲ್ಫ್ ಮಾಮ ಬಾಯಿ ತೆರೆದ. ತಾನೇ ಕೈಯಿಂದ ಮುಚ್ಚಿಕೊಂಡು ಈರುಳ್ಳಿಯ ಕಡೆ ತಿರುಗಿದ. ಅಜ್ಜ ಮತ್ತೆ ಉಸ್ಸಪ್ಪಾ ಎಂದು ಕೂತ.

ಟಿಲ್ಡಾ ಮಿಸ್ ಪಕ್ಕದಲ್ಲಿ ಆಕಾಶಕ್ಕೆ ಬೆನ್ನು ಹಾಕಿ ಕುಳಿತಳು. ತಿರುಗಿ ನೋಡಬೇಕೆಂದು ಕತ್ತೆಲ್ಲ ತುರಿಸುವಷ್ಟು ಆಸೆಯಾಗುತ್ತಿತ್ತು. ಹುಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನೋಡಲಿಲ್ಲ.