ಎರಡು ಸೀಟು, ಒಂದು ಗಿಡ್ಡ ಲಿವರ್

ಕೀಲಿನೊಳಗೆ ಕೂಡುವ ಹಿತ್ತಾಳೆಯ ಬಳೆ, ಬುಶ್, ಅಳತೆಗಿಂತ ಇನ್ನೂ ಕೂದಲೆಳೆಯಷ್ಟು ದಪ್ಪವಿತ್ತು. ನಂದಾ ಲೇಥಿನ ಹಿಡಿಯನ್ನು ಒಂದಿಷ್ಟೇ ಒಳಕ್ಕೆ ತಿರುಗಿಸಿದಳು. ಹಿತ್ತಾಳೆಯ ಪುಡಿ ಬಂಗಾರದ ರವೆಯಂತೆ ಚಿಮ್ಮಿ, ಚೂಡಿದಾರದ ಮೇಲೆ ಅವಳು ತೊಟ್ಟಿದ್ದ ಅಪ್ಪನ ಖಾಕಿ ಅಂಗಿಯ ತೋಳಿಗೆ ಅಂಟಿತು.

ಹೊರಗೆ ಸೊಲ್ಲಾಪುರ ರಸ್ತೆಯಲ್ಲಿ ಕರ್ರ್‌ರ್ ಎಂದು ಒಂದು ಗಾಡಿ ಹಲ್ಲು ಕಡಿಯಿತು.

‘ಎರಡನೇ ಗೇರು ಬೀಳುತ್ತಿಲ್ಲ...’ ತಲೆಯೆತ್ತದೆಯೇ ಅಂದುಕೊಂಡಳು.

ಬಾಗಿಲಲ್ಲಿ ನೆರಳು ಬಿತ್ತು. ತಕ್ಷಣ ನಂದಾ ಲೇಥ್ ಬಂದ್ ಮಾಡಿ, ಎಣ್ಣೆ ಅರಿವೆ ಕೈಗೆ ತೆಗೆದುಕೊಂಡು, ಯಂತ್ರ ಒರೆಸುವವಳಂತೆ ನಿಂತಳು. ಎರಡು ವರ್ಷದಿಂದ ರೂಢಿಯಾದ ಆಟ ಅದು!

"ಬುಡ್ಡೇಸಾಬ್ ಕಾಕಾ ಅದಾರೇನ್ರಿ?"

ಉದ್ದನೆಯ ಆಳು. ಬಿಸಿಲಿಗೆ ಕಂದಿದ ಮುಖ. ಕೈಯಲ್ಲಿ ಮೊಬೈಲು. ಅವನ ಹಿಂದೆ, ಟ್ರ್ಯಾಕ್ಟರುಗಳ ನಡುವೆ, ನೆಲಕ್ಕೆ ಅಂಟಿಕೊಂಡಂತೆ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು.

"ಚಹಾ ಕುಡ್ಯಾಕ ಹೋಗ್ಯಾರ. ನಿಮ್ಮ ಎರಡನೇ ಗೇರ್ ಬೀಳವಲ್ದೇನ್ರಿ?"

ಅವನು ಕಣ್ಣರಳಿಸಿದ. "ನಿಮಗ ಹೆಂಗ ಗೊತ್ತಾತು?"

"ಇಡೀ ರಸ್ತೆಗೆ ಡಂಗುರಾ ಸಾರಿಕೊಂತ ಬಂದೀರಲ್ರಿ!"

ಅವನು ನಕ್ಕ. ಆ ನಗೆಗೆ ನಂದಾಳ ಎದೆಯಲ್ಲಿ ಏನೋ ಸಣ್ಣಗೆ ಅಲುಗಿತು. ಮೂವತ್ತನಾಲ್ಕು ದಾಟಿದವಳಿಗೆ ಇದೆಲ್ಲ ಯಾಕೆ ಎಂದು ಅರಿವೆಯನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು.

ಅವನ ಹೆಸರು ಸಿದ್ದಲಿಂಗೇಶ. ತಿಕೋಟಾದ ಆಚೆ ಘೋಣಸಗಿಯಲ್ಲಿ ದ್ರಾಕ್ಷಿ ತೋಟ, ದ್ರಾಕ್ಷಿ ಒಣಗಿಸಿ ಮನುಕ ಮಾಡುವ ಶೆಡ್ಡು. ಪುಣೆಯಲ್ಲಿ ಯಾರೋ ಮೂಲೆಗೆ ಹಚ್ಚಿದ್ದ ಕಾರನ್ನು ಆಸೆಪಟ್ಟು ತಂದಿದ್ದ.

"ಗೇರ್ ಲಿವರ್ ಮಾರುದ್ದ ಓಡಾಡ್ತೈತ್ರಿ. ಒಂದನೇ ಗೇರ್ ಹಾಕಿದ್ರ ಬಾಜೂ ಸೀಟಿನವರ ಮೊಣಕಾಲಿಗೆ ಬಡೀತೈತಿ. ಅದಕ್ಕ ಶಾರ್ಟ್ ಶಿಫ್ಟರ್ ಹಾಕಬೇಕಂತೀನಿ. ಗಿಡ್ಡ ಲಿವರ್, ಚಟ್ ಅಂತ ಬೀಳಬೇಕು."

"ಬಾಜೂ ಸೀಟಿನ್ಯಾಗ ಯಾರು ಕೂಡ್ತಾರ್ರಿ?" ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು.

"ಸದ್ಯಕ್ಕ ದ್ರಾಕ್ಷಿ ಬಾಕ್ಸ್ ರೀ. ಒಕ್ಕಲುತನದವ್ರಿಗೆ ಹೆಣ್ಣ ಎಲ್ಲಿ ಕೊಡ್ತಾರ!"

ಮೊಬೈಲಿನಲ್ಲಿ ಮೂರು ನಮೂನೆ ತೋರಿಸಿದ. ಒಂದು ಬರೀ ಗಿಡ್ಡ. ಇನ್ನೊಂದು ಲಿವರಿನ ಓಟವನ್ನು ಅರ್ಧಕ್ಕರ್ಧ ಕಡಿಮೆ ಮಾಡುವುದು. ಮೂರನೆಯದು ಬೇಕಾದಷ್ಟು ಎತ್ತರ ಇಳಿಸುವುದು. ಯಾವುದೂ ಈ ಹಳೇ ಗಾಡಿಗೆ ನೇರ ಕೂಡುತ್ತಿರಲಿಲ್ಲ.

ನಂದಾ ತಡೆಯಲಾಗದೆ ಹೇಳಿಬಿಟ್ಟಳು. "ಮೊದ್ಲ ಬುಶ್ ಬದಲಿ ಮಾಡ್ರಿ. ಸವದ ಬುಶ್ ಇಟ್ಕೊಂಡು ಎಂಥಾ ಲಿವರ್ ಹಾಕಿದ್ರೂ ಅಲಗ್ಯಾಡೂದ. ಇನ್ನ ಗಿಡ್ಡಂದ್ರ... ಗುದ್ದಲಿ ಕಾವು ಮೋಟ ಮಾಡಿದ್ರ ಏನಾಗ್ತೈತಿ?"

"ರಟ್ಟಿಗೆ ಭಾರ."

"ಇದೂ ಅಷ್ಟ ರಿ. ಓಟ ಕಮ್ಮಿ ಆತಂದ್ರ ಕೈಗೆ ಜೋರು ಹೆಚ್ಚ ಬೇಕು."

ಅಷ್ಟರಲ್ಲಿ ಬುಡ್ಡೇಸಾಬ ಬಂದ. ನಂದಾಳ ಅಪ್ಪ ಈರಯ್ಯನ ಜೊತೆ ಮೂವತ್ತು ವರ್ಷ ಇದೇ ಲೇಥಿಗೆ ನಿಂತ ಮುದುಕ. ಎರಡು ವರ್ಷದ ಹಿಂದೆ ಈರಯ್ಯ ತೀರಿಕೊಂಡ, ಬುಡ್ಡೇಸಾಬನ ಕೈ ನಡುಗಲು ಹತ್ತಿತು. ಅಂದಿನಿಂದ ಅಂಗಡಿಯ ಒಂದೊಂದು ಸಾಮಾನೂ ನಂದಾ ತಿರುವಿದ್ದೇ. ಮುಗಿದ ಸಾಮಾನಿಗೆ ಅಪ್ಪನ ಗುರುತು ಹೊಡೆಯುತ್ತಿದ್ದಳು, ಪಂಚಿನಿಂದ ಎರಡು ಚುಕ್ಕೆ. ಹೆಸರು ಮಾತ್ರ ಬುಡ್ಡೇಸಾಬನದು.

ಹಾಗೆ ಮುಚ್ಚಿಡಲು ಕಾರಣವಿತ್ತು. ಒಮ್ಮೆ ಒಬ್ಬ ಗಿರಾಕಿ "ಹೆಣ್ಮಗಳು ತಿರುವಿದ ಶಾಫ್ಟ್ ನನಗ ಬ್ಯಾಡ" ಎಂದು ಅಳತೆ ಕೂಡ ನೋಡದೆ ಇಟ್ಟು ಹೋಗಿದ್ದ. ಬಬಲೇಶ್ವರದಿಂದ ಹೆಣ್ಣು ನೋಡಲು ಬಂದವರು "ಲೇಥ್ ಮಾರಿ ಬರ್ಲಿ, ಕೈ ಮಸಿ ಹೋಗ್ಲಿ" ಎಂದಿದ್ದರು. ನಂದಾ ಅವರಿಗೆ ಚಹಾ ಕೊಟ್ಟು ಕಳಿಸಿದ್ದಳು.

"ಗಿಡ್ಡಂದು ಮಾಡೋಣು ಬಿಡಪಾ," ಎಂದ ಬುಡ್ಡೇಸಾಬ, ನಂದಾಳತ್ತ ಓರೆಗಣ್ಣಿಂದ ನೋಡುತ್ತ. "ಹತ್ತು ದಿನ ಬೇಕು."

ಆ ಹತ್ತು ದಿನದಲ್ಲಿ ಸಿದ್ದಲಿಂಗೇಶ ಐದು ಸಲ ಬಂದ. ಒಮ್ಮೆ ಹಿಡಿಯ ಅಳತೆಗೆ, ಒಮ್ಮೆ ಎತ್ತರದ ಅಳತೆಗೆ. ಬಂದಾಗಲೆಲ್ಲ ಒಂದು ಪೊಟ್ಟಣ ಮನುಕ.

"ಸಾಹೇಬ್ರು ಲಿವರ್ ನೋಡಾಕ ಬರ್ತಾರೋ, ಲಿವರ್ ಒರಸಾಕಿನ್ನ ನೋಡಾಕೋ..." ಎಂದು ಬುಡ್ಡೇಸಾಬ ಗೊಣಗಿದರೆ, "ಕಾಕಾ! ಸುಮ್ನಿರ್ರಿ" ಎಂದು ನಂದಾ ಕೆಂಪಾಗುತ್ತಿದ್ದಳು.

ಲಿವರ್ ಮುಗಿಯಿತು. ಪಕ್ಕದ ಗ್ಯಾರೇಜಿನ ಫಕ್ರುದ್ದೀನ ಅದನ್ನೂ ಹೊಸ ಬುಶ್‌ಗಳನ್ನೂ ಕೂಡಿಸಿದ. ಸಿದ್ದಲಿಂಗೇಶ ಗೇರು ಹಾಕಿ ನೋಡಿ ಕುಣಿದೇ ಬಿಟ್ಟ.

"ಕಾಕಾ, ನಿಮ್ಮ ಕೈಗೆ ಬಂಗಾರದ ಕಡಗಾ ಹಾಕಬೇಕು! ಇಂಥಾ ಕೆಲಸ ಎಲ್ಲೂ ನೋಡಿಲ್ಲ."

ನಂದಾ ಕೈಯನ್ನು ಅರಿವೆಯೊಳಗೆ ಮುಚ್ಚಿಕೊಂಡಳು. ಹೊಗಳಿಕೆ ಅವಳ ಪಕ್ಕದಿಂದಲೇ ಹಾದು, ಬೇರೆಯವರ ಮನೆ ಸೇರಿತು. ‘ಇವನಿಗಾದರೂ ಹೇಳಿಬಿಡಲೇ...’ ಅಂದುಕೊಂಡು ಅಲ್ಲಿಗೇ ನಿಲ್ಲಿಸಿದಳು.

"ಟ್ರಯಲ್‌ಗೆ ನೀವೂ ಬರ್ರಿ ಕಾಕಾ."

"ಆ ಗಾಡ್ಯಾಗ ಕುಂತ್ರ ನನ್ನ ಎಬ್ಬಸಾಕ ನಾಕ ಮಂದಿ ಬೇಕು. ನಂದಾನ್ನ ಕರಕೊಂಡ ಹೋಗು. ಆಕಿಗೆ ಸಪ್ಪಳ ತಿಳೀತೈತಿ."

ಇಟ್ಟಂಗಿಹಾಳ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಸಿದ್ದಲಿಂಗೇಶ ಕಾರು ನಿಲ್ಲಿಸಿ ಕೀಲಿ ಅವಳತ್ತ ಚಾಚಿದ. "ನೀವ ಹೊಡೀರಿ."

"ನಾನಾ?!"

"ಅಪ್ಪನ ಟೆಂಪೋ ಹೊಡೀತಿದ್ರಂತಲ್ಲ, ಕಾಕಾ ಹೇಳ್ಯಾರ."

ನಂದಾ ಕೂತಳು. ಒಂದು... ಎರಡು... ಮೂರು! ಚಟ್, ಚಟ್ ಎಂದು ಗೇರು ಬೀಳುತ್ತಿತ್ತು. ತನ್ನ ಕೈಯಾರೆ ಮಾಡಿದ ಕಬ್ಬಿಣ ತನ್ನ ಅಂಗೈಯಲ್ಲೇ ಮಾತಾಡುತ್ತಿತ್ತು. ಆದರೆ ನಾಲ್ಕಕ್ಕೆ ಎಳೆದಾಗ ಎಡಗೈ ಮಣಿಕಟ್ಟಿನಲ್ಲಿ ಚುರ್ ಎಂದಿತು. ಹಿಂದೊಮ್ಮೆ ಲೇಥಿನ ಬಿಗಿಯುವ ಚಾವಿ ಸಿಡಿದು ಬಡಿದ ಜಾಗ ಅದು. ತುಟಿ ಕಚ್ಚಿ ನುಂಗಿಕೊಂಡಳು.

ಅವನು ನೋಡಿದನೇನೋ.

ಗಾಳಿಯೋ, ವೇಗವೋ, ಎರಡು ವರ್ಷದ ಭಾರವೋ... ನಂದಾಳ ಬಾಯಿಂದ ಬಂದೇ ಬಿಟ್ಟಿತು.

"ಈ ಲಿವರ್ ನಾನ ಮಾಡೀನ್ರಿ. ಕಾಕಾ ಅಲ್ಲ."

ಅವನು ಅವಳ ಕೈ ನೋಡಿದ, ಲಿವರ್ ನೋಡಿದ, ಆಮೇಲೆ ಮುಖ ಕಿಟಕಿಯಾಚೆ ತಿರುಗಿಸಿದ. ಅಂಗಡಿ ಬರುವವರೆಗೂ ಒಂದು ಮಾತಿಲ್ಲ. ಇಳಿಯುವಾಗ "ಬರ್ತೀನ್ರಿ" ಎಂದದ್ದಷ್ಟೇ.

ಒಂದು ದಿನ ಹೋಯಿತು. ಮೂರು ದಿನ, ಐದು ದಿನ... ಕೆಂಪು ಕಾರು ಬರಲಿಲ್ಲ.

ಆರನೆಯ ದಿನ ಸ್ಪ್ಯಾನರ್ ಕೇಳಲು ಫಕ್ರುದ್ದೀನನ ಗ್ಯಾರೇಜಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಸೀಮೆಎಣ್ಣೆ ತಾಟಿನಲ್ಲಿ ಹಳೇ ನಟ್ಟುಗಳ ನಡುವೆ ಅವಳ ಲಿವರ್ ಬಿದ್ದಿತ್ತು. ಎರಡು ಚುಕ್ಕೆ ಮೇಲಕ್ಕೆ ಮಾಡಿ.

"ಇದು... ಯಾಕ ಇಲ್ಲೈತಿ ಅಣ್ಣಾ?"

"ಆ ಘೋಣಸಗಿ ಸಾಹೇಬ್ರು ಟ್ರಯಲ್ ಆದ ದಿನಾನ ಸಂಜೀಕೆ, ನಿಮ್ಮ ಅಂಗಡಿ ಮುಚ್ಚಿದ ಮ್ಯಾಲೆ ಬಂದು ಬಿಚ್ಚಿಸ್ಯಾರವ್ವ. ಬುಶ್ ಹೊಸಾವ ಇರ್ಲಿ, ಲಿವರ್ ಹಳೇದ ಹಾಕು ಅಂದ್ರು. ಯಾಕಂತ ಹೇಳ್ಲಿಲ್ಲ."

ಅವತ್ತು ಸಂಜೆಯೇ! ತಾನು ಬಾಯಿ ಬಿಟ್ಟ ಅದೇ ದಿನ!

ನಂದಾ ಲೇಥಿನ ಮುಂದೆ ಬಂದು ಕೂತಳು. ಅಳು ಬರಲಿಲ್ಲ. ಬುಡ್ಡೇಸಾಬನ ಕೈಯದು ಎಂದುಕೊಂಡಾಗ ಬಂಗಾರದ ಕಡಗ. ತನ್ನ ಕೈಯದು ಎಂದು ಗೊತ್ತಾದಾಗ ಸೀಮೆಎಣ್ಣೆ ತಾಟು. ‘ಬಬಲೇಶ್ವರದವರು ಮುಖದ ಮೇಲಾದರೂ ಹೇಳಿದ್ದರು...’

ಮರುದಿನ ಮುಂಜಾನೆ ಹೊರಗೆ ಕಾರಿನ ಸದ್ದಾಯಿತು. ಹಲ್ಲು ಕಡಿಯಲಿಲ್ಲ, ಮೆತ್ತಗೆ ಬಂದು ನಿಂತಿತು. ಬಾಗಿಲಲ್ಲಿ ನೆರಳು ಬಿತ್ತು. ಈ ಸಲ ನಂದಾ ಲೇಥ್ ಬಂದ್ ಮಾಡಲಿಲ್ಲ.

"ನಂದಾ ಅವ್ರ..."

"ಕಾಕಾ ಇಲ್ರಿ. ಗಂಡಸರ ಕೈಯಿನ ಕೆಲಸ ಬೇಕಾಗಿದ್ರ ನಾಳೆ ಬರ್ರಿ."

"ಏನಂದ್ರಿ?"

"ಹೆಣ್ಮಗಳು ಮಾಡಿದ್ದಂತ ತಿಳದ ಮ್ಯಾಲೆ ಒಂದ ರಾತ್ರಿನೂ ಗಾಡ್ಯಾಗ ಇಟ್ಕೊಳ್ಲಿಲ್ಲಲ್ರಿ! ಚಲೋ ಆತು ಬಿಡ್ರಿ. ಲಗೂ ತಿಳೀತು."

ಸಿದ್ದಲಿಂಗೇಶನ ಮುಖ ಬಿಳಿಚಿತು. ಮರುಗಳಿಗೆ ತಲೆ ಚಚ್ಚಿಕೊಂಡ.

"ಯಪ್ಪಾ! ಅದನ್ನ ಹಿಂಗ ತಿಳಕೊಂಡ್ರೇನು? ನಂದಾ ಅವ್ರ, ನಾಕನೇ ಗೇರಿಗೆ ನಿಮ್ಮ ಮಣಿಕಟ್ಟು ಕಳಕ್ ಅಂದದ್ದು ನಾ ನೋಡೀನಿ. ಅದಕ್ಕ ಬಿಚ್ಚಿಸೀನಿ."

ಲೇಥ್ ತಿರುಗುತ್ತಲೇ ಇತ್ತು. ನಂದಾಳ ಕೈ ಮಾತ್ರ ನಿಂತಿತು.

"ಗಾಡಿ ನಿಮ್ಮದು. ನನ್ನ ಮಣಿಕಟ್ಟಿಗೂ ಅದಕ್ಕೂ ಏನ್ರಿ?"

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಘೋಣಸಗಿಯಿಂದ ಈ ಲೇಥಿಗೆ ಮುಕ್ಕಾಲು ತಾಸಿನ ಹಾದಿ. ದಿನಾ ಮುಂಜಾನೆ ಒಬ್ಬರು ಗಾಡಿ ಹೊಡ್ಕೊಂಡು ಇಲ್ಲಿಗೆ ಬರೂದು, ಸಂಜೀಕೆ ತಿರುಗಿ ಮನಿಗೆ ಬರೂದು ಅಂದ್ರ... ಆ ಲಿವರ್ ಅವರ ಕೈಗೆ ಹಗುರ ಇರಬೇಕೋ ಬ್ಯಾಡೋ?"

ನಂದಾ ತಿಳಿಯದೆ ಅವನನ್ನೇ ನೋಡಿದಳು. ಆಮೇಲೆ ತಿಳಿಯಿತು. ತಿಳಿದದ್ದು ಎದೆಯಿಂದ ಕಣ್ಣಿಗೆ ಏರಿತು.

"ಅವತ್ತು ಯಾಕ ಒಂದ ಮಾತೂ ಆಡ್ಲಿಲ್ಲ?"

"ನಾಚಿಕಿ ಬಂತ್ರಿ. ನೀವ ಮಾಡಿದ್ದನ್ನ ನಿಮ್ಮ ಮುಂದ ನಿಂತು ಕಾಕಾಗ ಹೊಗಳೀನಿ, ನೀವು ಅರಿವಿ ಹಿಡ್ಕೊಂಡು ನಿಂತೀರಿ. ಅದ ಕಣ್ಣಮುಂದ ಬರ್ತಿತ್ತು, ಬಾಯಿ ಏಳ್ಲಿಲ್ಲ. ಆಮ್ಯಾಲ ಮನುಕ ಶೆಡ್ಡಿನ್ಯಾಗ ಮಾಲು ತುಂಬಿತ್ತು. ಅವ್ವಗ ಹೇಳೂದೂ ಇತ್ತು."

"ಅವ್ವಾರು ಏನಂದ್ರು?"

"‘ಕಬ್ಬಿಣಾ ಕೆತ್ತಾಕಿ ನಿನ್ನ ಕೆತ್ತಿ ಸರಿ ಮಾಡ್ತಾಳ, ಲಗೂನ ಕರಕೊಂಡ ಬಾ’ ಅಂದ್ಳು."

ನಂದಾಳಿಗೆ ನಗು ಉಕ್ಕಿತು. ನಗುವಿನ ಹಿಂದೆಯೇ ಕಣ್ಣೀರು. ಖಾಕಿ ತೋಳಿನಿಂದ ಕಣ್ಣೊರೆಸಿದರೆ ಹಿತ್ತಾಳೆ ಪುಡಿ ಕೆನ್ನೆಗೆ ಹತ್ತಿತು.

"ಹಳೇ ಲಿವರ್ ನಿಮ್ಮ ಕೈಗೆ ಸೇರ್ತೈತೇನು?" ಕೇಳಿದಳು.

"ಖರೇ ಹೇಳ್ಲಾ? ಇಲ್ರಿ. ನೀವು ಮಾಡಿದ್ದು ಒಮ್ಮೆ ಹಿಡದ ಮ್ಯಾಲೆ ಅದು ಅಂಬಲಿ ತಿರುವಿದಂಗ ಆಗ್ತೈತಿ. ಗಿಡ್ಡಂದೂ ಅಲ್ಲ, ಉದ್ದಂದೂ ಅಲ್ಲ, ನಡೂದೊಂದು ಮಾಡ್ರಿ. ನನಗ ಚಟ್ ಅನ್ಬೇಕು, ನಿಮಗ ನೋವಾಗಬಾರ್ದು."

"ನಡೂದು ಮಾಡೂದ ಎಲ್ಲಾಕಿಂತ ತ್ರಾಸಿನ ಕೆಲಸ ಗೊತ್ತೈತೇನು?"

"ಗೊತ್ತೈತ್ರಿ. ಅದಕ್ಕ ನಿಮ್ಮನ್ನ ಕೇಳಾಕತ್ತೀನಿ." ಅವನ ದನಿ ತಗ್ಗಿತು. "ಇನ್ನೊಂದೂ ಕೇಳೀನಿ. ಅದಕ್ಕ ಉತ್ತರ ಕೊಡ್ಲಿಲ್ಲ ನೀವು."

"ಮೊದ್ಲ ಲಿವರ್ ಕೂಡ್ಲಿ. ಆಮ್ಯಾಲ ನೋಡೂನು."

"ಎಷ್ಟ ದಿನಾ?"

"ಹತ್ತು. ಅಳತಿಗೆ ಐದ ಸಲ ಬರಬೇಕಾಗ್ತೈತಿ ಮತ್ತ!"

"ಆರು ಸಲ ಬರ್ತೀನ್ರಿ," ಎಂದ ಸಿದ್ದಲಿಂಗೇಶ. ಅವಳ ಕೆನ್ನೆ ತೋರಿಸಿ, "ಹಿತ್ತಾಳಿ ಹತ್ತೈತಿ ನೋಡ್ರಿ... ಇರ್ಲಿ ಬಿಡ್ರಿ, ಛಂದ ಕಾಣ್ತೈತಿ," ಎಂದು ಹೊರಟ.

ಹತ್ತನೆಯ ದಿನ ಮಧ್ಯಾಹ್ನ ನಡುವಿನ ಲಿವರ್ ಮುಗಿಯಿತು. ಬುಡ್ಡೇಸಾಬ ನಮಾಜಿಗೆ ಹೋಗಿದ್ದ. ಅಂಗಡಿಯಲ್ಲಿ ನಂದಾ ಒಬ್ಬಳೇ.

ಪಂಚ್ ತೆಗೆದುಕೊಂಡು ಅಪ್ಪನ ಎರಡು ಚುಕ್ಕೆ ಹೊಡೆದಳು. ಸುತ್ತಿಗೆ ಕೆಳಗಿಡಲಿಲ್ಲ. ಬೆರಳಿನಿಂದ ಆ ಎರಡರ ಪಕ್ಕದ ನುಣ್ಣನೆಯ ಜಾಗವನ್ನು ಸವರಿದಳು. ಗಾಡಿಯಲ್ಲಿ ಕೂಡಿಸಿದರೆ ಲಿವರಿನ ಬುಡದ ಚರ್ಮದ ಚೀಲ ಮುಚ್ಚುವ ಜಾಗ ಅದು, ಯಾರ ಕಣ್ಣಿಗೂ ಬೀಳುವುದಿಲ್ಲ.

ಟಣ್!

ಮೂರನೆಯ ಚುಕ್ಕೆ. ಇದು ಅವಳದು.

ಇನ್ನು ಮುಂದೆ ಈ ಅಂಗಡಿಯಿಂದ ಹೊರಬೀಳುವ ಎಲ್ಲದಕ್ಕೂ ಮೂರು... ಘೋಣಸಗಿಯ ಮನೆಯಿಂದ ದಿನವೂ ಬಂದು ಹೊಡೆದರೂ ಮೂರೇ.

ಬುಡ್ಡೇಸಾಬ ಬಂದು, "ಏನವ್ವಾ, ಒಬ್ಬಾಕಿನ ನಗಾಕತ್ತಿ?" ಎಂದ.

"ಏನಿಲ್ಲ ಬಿಡ್ರಿ ಕಾಕಾ," ಎಂದು ನಂದಾ ಲಿವರನ್ನು ಅರಿವೆಯಲ್ಲಿ ಸುತ್ತಿಟ್ಟಳು.