ಮತ್ತೆ ಮತ್ತೆ ಕೇಳಿದ ಪಾಠ

"ನಿಮ್ಮ ಪಾಠ ಯಾರಿಗೂ ಅರ್ಥ ಆಗ್ತಿಲ್ಲ ಸಾರ್!"

ನಾಗರಬಾವಿಯ ಆ ಪುಟ್ಟ ಕಚೇರಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಮಾಲವಿಕಾ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಎದುರಿಗಿದ್ದವನು ಕೃಷಿ ವಿಜ್ಞಾನಿ ಡಾಕ್ಟರ್ ರೇವಂತ್. ಓದು ಬಾರದ ದೊಡ್ಡವರಿಗೆ ಫೋನಿನಲ್ಲೇ ಅಕ್ಷರ ಕಲಿಸುವ ಆಪ್ ಅವನದು. ಪಾಠಗಳೆಲ್ಲ ಅವನದೇ ದನಿಯಲ್ಲಿದ್ದವು.

"ಹೇಗೆ ಹೇಳ್ತೀರಿ?"

ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. ಕಲಿಯುವವರು ಎಲ್ಲಿ ಎಡವುತ್ತಾರೆಂದು ಪತ್ತೆ ಮಾಡುವುದೇ ಅವಳ ಕೆಲಸ.

"ಪಾಠದಲ್ಲಿ ಒಂದೇ ಜಾಗಕ್ಕೆ ಹಿಂದೆ ಹೋಗಿ ಹೋಗಿ ಕೇಳ್ತಿದಾರೆ. ಅರ್ಥ ಆಗಿದ್ರೆ ಯಾರು ಹಾಗೆ ಕೇಳ್ತಾರೆ?"

ಅವನು ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತಾ ಕೂತ. ಅವಳಿಗೆ ಯಾಕೋ ಸಿಟ್ಟು ಬಂತು. ಗಂಡ ತೀರಿಹೋದ ಮೇಲೆ ಸಿಟ್ಟೂ ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಇವತ್ತೇಕೆ?

"ಕೃಷಿ ವಿಜ್ಞಾನ ಬಿಟ್ಟು ವಯಸ್ಕರ ಶಿಕ್ಷಣ, ಅದನ್ನೂ ಬಿಟ್ಟು ಈಗ ಆಪ್! ನೀವು ಯಾವುದ್ರಲ್ಲೂ ನಿಲ್ಲೋರಲ್ಲ ಅನ್ಸುತ್ತೆ..."

ಛೆ! ಯಾಕೆ ಹಾಗಂದೆ?

"ನನ್ನ ದನಿ ತೆಗೆದುಬಿಡಿ," ಎಂದಷ್ಟೇ ಹೇಳಿ ಅವನು ಎದ್ದು ಹೋದ.

ಪಾಠಗಳಿಗೆ ಅವನ ದನಿಯ ಬದಲು ಕಂಪ್ಯೂಟರಿನ ದನಿ ಸಿದ್ಧವಾಯಿತು. ರೇವಂತ್ ಮಂಡ್ಯದ ಕಡೆ ಯಾವುದೋ ಕೃಷಿ ಕೇಂದ್ರದ ಕೆಲಸಕ್ಕೆ ಹೋಗುತ್ತಾನೆಂಬ ಸುದ್ದಿಯೂ ಬಂತು. ಒಳ್ಳೆಯದೇ ಆಯಿತು ಅಂದುಕೊಂಡಳು. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆಗೆದಳು, ಹಾಕಿದಳು...

ಭಾನುವಾರ. ಬಸವೇಶ್ವರನಗರದ ಮನೆಯಲ್ಲಿ ಅತ್ತೆ ಕಮಲಾಕ್ಷಮ್ಮನ ಜೊತೆ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದಳು. ಹೊಸ ದನಿಯ ಜೊತೆ ಹೋಲಿಸಿ ನೋಡಲೆಂದು ಫೋನಿನಲ್ಲಿ ಹಳೆಯ ಪಾಠ ಹಾಕಿದಳು.

"ಬೆಳೆಗೆ ಹೊಡೆಯೋ ಔಷಧಿ ಡಬ್ಬಿ ಮೇಲೆ ಕೆಂಪು ಗುರುತು ಕಾಣ್ತಿದೆಯಾ? ಅದರ ಕೆಳಗಿನ ಅಕ್ಷರ ಓದಿ. ಆತುರ ಬೇಡ. ತಪ್ಪಾದ್ರೂ ಪರವಾಗಿಲ್ಲ, ನಾನಿಲ್ಲೇ ಇದೀನಿ..."

ಬೆರಳು ತಾನಾಗಿ ಪಾಠವನ್ನು ಹಿಂದಕ್ಕೆ ಸರಿಸಿತು. ನಾನಿಲ್ಲೇ ಇದೀನಿ... ಮತ್ತೆ ಸರಿಸಿತು.

"ಅದೇನೇ, ಅರ್ಥ ಆಗ್ಲಿಲ್ವಾ?" ಕಮಲಾಕ್ಷಮ್ಮ ಕೇಳಿದರು.

"ಆಯ್ತು ಅತ್ತೆ."

"ಮತ್ತೆ?"

ಮಾಲವಿಕಾಳ ಕೈ ನಿಂತಿತು.

ಅಯ್ಯೋ! ಕಲಿಯುವವರೂ ಹೀಗೇ ಕೇಳಿದ್ದಲ್ಲವೇ? ಈ ವಯಸ್ಸಿನಲ್ಲಿ ಕಲಿಯಲು ನಾಚುವ ಜನ, ಈ ಒಂದು ಮಾತಿಗಾಗಿ ತಾನೆ ಹಿಂದೆ ಹೋಗುತ್ತಿದ್ದುದು!

ಕಣ್ಣು ತುಂಬಿ ಬಂತು. ತಡೆಯಲು ನೋಡಿದಳು, ಆಗಲಿಲ್ಲ.

ಕಮಲಾಕ್ಷಮ್ಮ ಸೊಸೆಯನ್ನೇ ನೋಡಿದರು. ಮಗ ಹೋದಾಗಲೂ ಅಳದೆ ಕೂತಿದ್ದವಳು.

"ಯಾರೇ ಆ ಹುಡುಗ?"

"ಆಫೀಸಿನವ್ರು... ಇವತ್ತು ಸಂಜೆ ಊರು ಬಿಡ್ತಿದಾರೆ."

"ಹಂಗಾದ್ರೆ ಕಾಳು ನಾನು ಹಿದುಕ್ತೀನಿ. ನೀನು ಏಳು. ಮುಖ ತೊಳ್ಕೊಂಡು ಹೋಗು, ಹಿಂಗೇ ಹೋದ್ರೆ ಹೆದರ್ಕೋತಾನೆ!"

ಕಚೇರಿಯಲ್ಲಿ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕಂಬಳಿ ಹೊಡೆದಿದ್ದ ರೆಕಾರ್ಡಿಂಗ್ ಕೋಣೆಯಲ್ಲಿ ರೇವಂತ್ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದ.

"ತಪ್ಪು ನಂದು ಸಾರ್. ಅವ್ರಿಗೆ ಅರ್ಥ ಆಗಿತ್ತು. ಕೇಳ್ಬೇಕು ಅನ್ನಿಸಿ ಕೇಳಿದಾರೆ."

"ಅದನ್ನೂ ಕಂಪ್ಯೂಟರ್ ಹೇಳ್ತಾ?"

"ಇಲ್ಲ... ನಾನೂ ಹಾಗೇ ಕೇಳ್ದೆ."

ಅವನ ಕೈಯಲ್ಲಿದ್ದ ಪುಸ್ತಕ ಅಲ್ಲೇ ಉಳಿಯಿತು.

"ನಾನು ಯಾವುದನ್ನೂ ಬಿಟ್ಟಿಲ್ಲ ಮಾಲವಿಕಾ. ನಮ್ಮ ರೈತರಿಗೆ ಡಬ್ಬಿ ಮೇಲಿನ ಎಚ್ಚರಿಕೆ ಓದೋಕೆ ಬರ್ತಿರ್ಲಿಲ್ಲ, ಅದಕ್ಕೇ ಅಕ್ಷರ ಕಲ್ಸೋಕೆ ಹೋದೆ. ದುಡಿಯೋರಿಗೆ ಕ್ಲಾಸಿಗೆ ಬರೋಕೆ ಪುರುಸೊತ್ತಿಲ್ಲ, ಅದಕ್ಕೇ ಫೋನು. ಅದೇ ಜನರ ಹಿಂದೆ ಬಂದಿದೀನಿ, ಅಷ್ಟೇ."

"ಮತ್ತೆ ಈಗ್ಯಾಕೆ ಹೋಗ್ತಿದೀರಾ?"

"ನಿಮಗೆ ನನ್ನ ದನಿ ಬೇಡ ಅಂದ್ಕೊಂಡೆ."

"ಬೇಕು!" ಮಾತು ಜಾರಿಬಿಟ್ಟಿತ್ತು.

"ಪಾಠಕ್ಕಾ?"

"ಪಾಠಕ್ಕೂ..."

ಅವನು ಹತ್ತಿರ ಬಂದ. ಅವಳು ಹಿಂದೆ ಸರಿಯಲಿಲ್ಲ.

"ಮನೆಗೆ ಬನ್ನಿ ರೇವಂತ್. ಅತ್ತೆ ಕಾಯ್ತಿದಾರೆ."

"ನಾನು ಯಾರು ಅಂತ ಹೇಳ್ತೀರಾ ಅವ್ರಿಗೆ?"

"ಅವ್ರಿಗಾಗ್ಲೇ ಗೊತ್ತು. ಗೊತ್ತಿಲ್ದೇ ಇದ್ದಿದ್ದು ನಂಗೇ."